ಅತ್ತಿಗೆ ಕಟ್ಟಿದ ಉರಿಯಿಲ್ಲದ ಕುಲುಮೆ

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಮೋಟಾರು ರಿಪೇರಿ ಅಂಗಡಿ ಇತ್ತು. ಅಪ್ಪ ಹಾಕಿದ ಅಂಗಡಿ. ಅವನು ತೀರಿಕೊಂಡ ಮೇಲೆ ಅಣ್ಣ ಮತ್ತು ನಾನು ನಡೆಸುತ್ತಿದ್ದೆವು. ಸುತ್ತಲಿನ ಹೊಲಗಳ ಪಂಪುಗಳು, ಹಿಟ್ಟಿನ ಗಿರಣಿಯ ಮೋಟಾರುಗಳು, ಮಂಡಕ್ಕಿ ಭಟ್ಟಿಯ ಬ್ಲೋವರುಗಳು, ಹೀಗೆ ತಿರುಗಿ ತಿರುಗಿ ಸುಸ್ತಾದದ್ದೆಲ್ಲ ಟೆಂಪೋದಲ್ಲೋ ಟ್ರ್ಯಾಕ್ಟರಿನಲ್ಲೋ ನಮ್ಮ ಬಾಗಿಲಿಗೆ ಬರುತ್ತಿತ್ತು. ಸುಟ್ಟ ತಂತಿ ಬಿಚ್ಚಿ ಹೊಸದಾಗಿ ಸುತ್ತುವುದು ನನ್ನ ಪಾಲಿನ ಕೆಲಸ. ಶಾಫ್ಟು, ಬುಷ್ಷು, ಬೇರಿಂಗು ಎಲ್ಲ ಅಣ್ಣನದು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು.

ಅಣ್ಣ ಬೇರಿಂಗ್ ಏರಿಸುವುದನ್ನು ನೋಡಲು ದಾರಿಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಬೇರಿಂಗ್ ಅಂದರೆ ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆ, ನಡುವೆ ಗುಂಡುಗಳು. ಒಳಗಿನ ಬಳೆ ಶಾಫ್ಟನ್ನು ಗಟ್ಟಿಯಾಗಿ ಕಚ್ಚಿ ಹಿಡಿದಿರಬೇಕು. ಹಾಗಾಗಿ ಅದನ್ನು ತಣ್ಣಗಿದ್ದಾಗ ಏರಿಸಲು ಬರುವುದಿಲ್ಲ. ಕಾಯಿಸಬೇಕು. ಕಾದಾಗ ಬಳೆ ಕೂದಲೆಳೆಯಷ್ಟು ಹಿಗ್ಗುತ್ತದೆ, ಆ ಗಳಿಗೆಯಲ್ಲಿ ಒಂದೇ ಗುಕ್ಕಿಗೆ ಅದನ್ನು ಜಾಗಕ್ಕೆ ತಳ್ಳಬೇಕು. ಅನುಮಾನಿಸಿದರೆ ಅರ್ಧ ದಾರಿಯಲ್ಲೇ ಹಿಡಿದು ಕೂತುಬಿಡುತ್ತದೆ. ಅಣ್ಣ ಹಿತ್ತಾಳೆಯ ಬ್ಲೋಲ್ಯಾಂಪಿನ ನೀಲಿ ಉರಿಯನ್ನು ಬಳೆಯ ಸುತ್ತ ಒಮ್ಮೆ ಮೆಲ್ಲಗೆ ತಿರುಗಿಸಿ, ಇಕ್ಕಳದಿಂದ ಎತ್ತಿ, ಮಗುವಿಗೆ ಟೊಪ್ಪಿಗೆ ಹಾಕಿದಷ್ಟು ಸಲೀಸಾಗಿ ಏರಿಸಿಬಿಡುತ್ತಿದ್ದ. ನನಗೆ ಅದು ಎಂದೂ ಕೈಗೂಡಲಿಲ್ಲ.

ಆ ಬ್ಲೋಲ್ಯಾಂಪು ಒಂದು ದಿನ ಅವನ ಕೈಯಲ್ಲೇ ಸಿಡಿಯಿತು. ಸೀಮೆಎಣ್ಣೆ ತುಂಬಿ ಪಂಪು ಹೊಡೆಯುತ್ತಿದ್ದ. ಎಲ್ಲಿಯ ಬೆಸುಗೆ ಬಿಟ್ಟಿತೋ ಏನೋ, ಉರಿ ಮೂತಿಯಿಂದ ಬರುವ ಬದಲು ಹೊಟ್ಟೆಯಿಂದ ಬಂತು. ನಾನು ಒದ್ದೆ ಗೋಣಿಚೀಲ ಹೊದಿಸಿ ಆರಿಸಿದೆ. ಬಲಗೈ ಮೊಣಕೈವರೆಗೆ, ಕುತ್ತಿಗೆಯ ಒಂದು ಬದಿ, ಕಿವಿಯ ಅಂಚು ಸುಟ್ಟಿದ್ದವು. ದಾವಣಗೆರೆಯ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ಮನೆಗೆ ಬಂದ. ಗಾಯ ಮಾಯಿತು. ಬೆರಳುಗಳೂ ನಿಧಾನವಾಗಿ ಮಡಚತೊಡಗಿದವು.

ಆದರೆ ಅಣ್ಣ ಅಂಗಡಿಯೊಳಗೆ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಬಂದವರ ಜೊತೆ ಮಾತಾಡುತ್ತಿದ್ದ. ಕೆಲಸದ ಮಾತು ಬಂದರೆ ಕೈ ಇನ್ನೂ ಮಡಚಲು ಬರುತ್ತಿಲ್ಲ ಎನ್ನುತ್ತಿದ್ದ. ನಾವೂ ಹಾಗೇ ನಂಬಿದ್ದೆವು. ಆಮೇಲೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು. ಅವ್ವ ಸಂಜೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅವನು ಎದ್ದು ಹೊರಗೆ ಹೋಗುತ್ತಿದ್ದ. ಕಟ್ಟೆಯ ಮೇಲೆ ಯಾರಾದರೂ ಬೀಡಿಗೆ ಕಡ್ಡಿ ಗೀರಿದರೆ ಅವನ ಮಾತು ಅಲ್ಲೇ ನಿಲ್ಲುತ್ತಿತ್ತು. ಅತ್ತಿಗೆ ಒಂದು ದಿನ ಗ್ಯಾಸ್ ಒಲೆಯನ್ನು ಪಡಸಾಲೆಯಿಂದ ಕಾಣದ ಮೂಲೆಗೆ ಸರಿಸಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೂ ಯಾರಿಗೂ ಕಾರಣ ಹೇಳಲಿಲ್ಲ.

ಬೇರಿಂಗ್ ಕೆಲಸ ಬಂದರೆ ನಾನು ಬೇರೆ ಅಂಗಡಿಗೆ ಕಳಿಸುತ್ತಿದ್ದೆ. ಅದನ್ನು ಟೆಂಪೋಕ್ಕೆ ಏರಿಸುವಾಗ ಅಣ್ಣ ರಸ್ತೆಯ ಆಚೆ ನೋಡುತ್ತ ಕೂತಿರುತ್ತಿದ್ದ.

ಅತ್ತಿಗೆಯ ತವರು ಹಡಗಲಿ. ಅಲ್ಲಿ ಪಿಯುಸಿ ಬದಲಿಗೆ ಜೆಓಸಿ ಎಂಬ ಉದ್ಯೋಗದ ಕೋರ್ಸು ಇದ್ದ ಕಾಲದಲ್ಲಿ ಎಲೆಕ್ಟ್ರಾನಿಕ್ಸ್ ತಗೊಂಡು ಓದಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮನೆಯ ರೇಡಿಯೋ, ಪಕ್ಕದ ಮನೆಯ ಟಿವಿ ಬಿಚ್ಚಿ ಸರಿಮಾಡಿದ್ದಳು. ಆಮೇಲೆ ರೊಟ್ಟಿ, ನೀರು, ಮನೆ ಎಂದು ಅದೆಲ್ಲ ಹಿಂದೆ ಬಿತ್ತು. ಬೆಸುಗೆ ಹಾಕುವ ಕರೆಂಟಿನ ಕಡ್ಡಿಯೂ ಮೀಟರೂ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇದ್ದವು.

ಆ ವರ್ಷ ತವರಿಗೆ ಹೋದವಳು ಅಲ್ಲಿ ಕರೆಂಟಿನ ಇಂಡಕ್ಷನ್ ಒಲೆ ನೋಡಿ ಬಂದಳು. ನಮ್ಮ ಕಡೆ ಅವು ಆಗಿನ್ನೂ ಹೊಸವು. ನೀರು ಕೊತಕೊತ ಕುದಿಯುತ್ತಿದ್ದಾಗ ಪಾತ್ರೆ ಎತ್ತಿ, ಒಲೆಯ ಮೇಲೆ ಅಂಗೈ ಇಟ್ಟು ನೋಡಿದಳಂತೆ. ಪಾತ್ರೆಯ ಬಿಸಿ ತಾಗಿ ಬೆಚ್ಚಗಾಗಿದ್ದು ಬಿಟ್ಟರೆ ಅಲ್ಲಿ ಸುಡುವಂಥದ್ದು ಏನೂ ಇರಲಿಲ್ಲ. ಬಸ್ಸಿಳಿದು ಚೀಲ ಕೆಳಗಿಟ್ಟವಳೇ ನನ್ನನ್ನು ಅಂಗಡಿಯ ಒಳಮೂಲೆಗೆ ಕರೆದು ಹೇಳಿದಳು.

"ಬೆಂಕಿ ಇಲ್ದ ಕಬ್ಬಿಣ ಕಾಯಿಸಾಕ ಬರ್ತೈತಿ. ನಾ ಕೈಯಿಟ್ಟು ನೋಡಿ ಬಂದೀನಿ. ಬೇರಿಂಗ್ ಯಾಕ ಕಾಯಂಗಿಲ್ಲ?"

ನನಗೆ ತಕ್ಷಣ ಹೊಳೆಯಲಿಲ್ಲ. ತಾಮ್ರದ ಸುರುಳಿಯಲ್ಲಿ ಕರೆಂಟನ್ನು ಬಹಳ ವೇಗವಾಗಿ ಹಿಂದೆ ಮುಂದೆ ಓಡಿಸಿದರೆ ಅದರೊಳಗಿಟ್ಟ ಕಬ್ಬಿಣದ ಒಳಗೂ ಕರೆಂಟು ಸುತ್ತತೊಡಗುತ್ತದೆ, ಆ ಸುತ್ತಾಟಕ್ಕೇ ಕಬ್ಬಿಣ ತನ್ನಿಂದ ತಾನೇ ಕಾಯುತ್ತದೆ ಎಂದು ಅವಳು ಬಿಡಿಸಿ ಹೇಳಿದಳು. ಮೋಟಾರು ಕೆಟ್ಟಾಗ ಅದರೊಳಗಿನ ಕಬ್ಬಿಣ ಬಿಸಿಯಾಗುವುದನ್ನು ನಾನು ದಿನಾ ನೋಡುತ್ತಿದ್ದೆ. ನಾವು ಯಾವುದನ್ನು ರೋಗ ಎಂದು ಓಡಿಸುತ್ತಿದ್ದೆವೋ ಅದನ್ನೇ ಅವಳು ಮದ್ದು ಮಾಡಲು ಹೊರಟಿದ್ದಳು.

ಹರಪನಹಳ್ಳಿಯಲ್ಲಿ ಇಂಟರ್ನೆಟ್ ಅಂಗಡಿ ಇತ್ತು. ಇಬ್ಬರೂ ಬಸ್ಸಿಗೆ ಹೋದೆವು. ಅಲ್ಲಿ ಅವಳು ಬಹಳ ಹೊತ್ತು ಹುಡುಕಿ, ಯಾವುದೋ ದೇಶದ ಯಾರೋ ಹಾಕಿದ್ದ ಒಂದು ಸರ್ಕ್ಯೂಟಿನ ನಕ್ಷೆಯನ್ನು ಪ್ರಿಂಟ್ ತೆಗೆಸಿದಳು. ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲೆ ಹರಡಿಕೊಂಡು ಬೆರಳಾಡಿಸುತ್ತ ಬಂದಳು. ದೊಡ್ಡ ಸಾಮಾನೇನಲ್ಲ. ಮಾಸ್‌ಫೆಟ್ ಎಂಬ ಎರಡು ವೇಗದ ಸ್ವಿಚ್ಚುಗಳು, ಒಂದಷ್ಟು ಕೆಪಾಸಿಟರು, ಎರಡು ಚೋಕು, ಕೆಲವು ಡಯೋಡು, ಒಂದು ತಾಮ್ರದ ಕೊಳವೆಯ ಸುರುಳಿ.

ಸಾಮಾನಿಗೆ ನಮಗೆ ಸಿಕ್ಕ ಆಸರೆ ರಸ್ತೆಯ ಆಚೆ ಬದಿಯ ಗುಜರಿ ಅಂಗಡಿಯ ಚಾಚಾ. ಬಿಳಿಗಡ್ಡದ ಹಿರಿಯರು. ಅಪ್ಪನ ಕಾಲದಿಂದಲೂ ನಮ್ಮ ಅಂಗಡಿಯ ಹಳೇ ತಂತಿ ಅವರಿಗೇ ಹೋಗುತ್ತಿತ್ತು. ಅತ್ತಿಗೆ ಯಾಕೆ ಕೇಳುತ್ತಿದ್ದಾಳೆ ಎಂದು ತಿಳಿದ ಮೇಲೆ ಅವರು ತಮ್ಮ ಷೆಡ್ಡಿನ ಬಾಗಿಲು ತೆರೆದು, ಬೇಕಾದ್ದು ಆರಿಸಿಕೋ ಬೇಟಿ ಎಂದು ಹೇಳಿ ತಾವು ಹೊರಗೆ ಕೂತರು. ಸತ್ತ ಯುಪಿಎಸ್‌ಗಳಿಂದ ಮಾಸ್‌ಫೆಟ್ ಸಿಕ್ಕವು. ಹಳೇ ಟಿವಿಗಳ ಬೋರ್ಡಿನಿಂದ ಕೆಪಾಸಿಟರುಗಳನ್ನು ಒಂದೊಂದಾಗಿ ಬಿಡಿಸಿದಳು. ಕಂಪ್ಯೂಟರಿನ ಪೆಟ್ಟಿಗೆಗಳೊಳಗಿನ ಹಳದಿ ಬಳೆಗಳನ್ನು ತೆಗೆದು, ಅವುಗಳ ಮೇಲೆ ನನ್ನಿಂದ ಮೋಟಾರಿನ ತಂತಿ ಸುತ್ತಿಸಿ ಚೋಕು ಮಾಡಿದಳು. ಕೊಳವೆ ಫ್ರಿಜ್ಜಿನದು. ಅದನ್ನು ಬಗ್ಗಿಸಿದರೆ ಚಪ್ಪಟೆಯಾಗುತ್ತದೆ ಎಂದು ಒಳಗೆ ಸಣ್ಣ ಮರಳು ತುಂಬಿ, ಎರಡೂ ತುದಿ ಮುಚ್ಚಿ, ಒಂದು ಪೈಪಿನ ಮೇಲೆ ಸುತ್ತಿದೆವು. ಆಮೇಲೆ ಮರಳು ಉದುರಿಸಿ, ತಂಪಾಗಿರಲೆಂದು ಏರ್‌ಕೂಲರಿನ ಪುಟ್ಟ ಪಂಪಿನಿಂದ ಅದರೊಳಗೆ ನೀರು ಹರಿಯುವಂತೆ ಮಾಡಿದಳು.

ಇದೆಲ್ಲ ನಡೆದದ್ದು ಮನೆಯ ಹಿಂದಿನ ಪಡಸಾಲೆಯಲ್ಲಿ. ಅಣ್ಣ ನೋಡುತ್ತಿದ್ದ, ಕೇಳುತ್ತಿರಲಿಲ್ಲ. ಮತ್ತೆ ರೇಡಿಯೋ ರಿಪೇರಿಗೆ ಕೂತಿದ್ದಾಳೆ ಎಂದುಕೊಂಡಿರಬೇಕು.

ಮೊದಲ ಸಲ ಕರೆಂಟು ಕೊಟ್ಟದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ನಮ್ಮಲ್ಲಿ ಬ್ಯಾಟರಿ ಚಾರ್ಜ್ ಮಾಡುವ ದೊಡ್ಡ ಡಬ್ಬಿ ಇತ್ತು, ಅದರಿಂದಲೇ ಕೊಟ್ಟೆವು. ಸುರುಳಿಯೊಳಗೆ ಒಂದು ಬೋಲ್ಟು ಇಟ್ಟು ಸ್ವಿಚ್ಚು ಒತ್ತಿದೆ. ಪಟ್ ಎಂದು ಪಟಾಕಿಯ ಹಾಗೆ ಸದ್ದಾಗಿ ಒಂದು ಮಾಸ್‌ಫೆಟ್ಟಿನ ಕರಿ ಮೈ ಸೀಳಿ ಹೊಗೆ ಬಂತು. ಅವ್ವ ಅಡುಗೆಮನೆಯಿಂದ ಓಡಿ ಬಂದಳು. ನಾವು ಭಾಗ ಬದಲಾಯಿಸಿ, ಬೆಸುಗೆಯನ್ನೆಲ್ಲ ಪರೀಕ್ಷಿಸಿ, ಮತ್ತೆ ಕೊಟ್ಟೆವು. ಮತ್ತೆ ಪಟ್.

ಎರಡನೇ ಸದ್ದಿಗೆ ಒಳಗೆ ಮಲಗಿದ್ದ ಅಣ್ಣ ಎದ್ದು ಬಂದ. ಮೈಯೆಲ್ಲ ಬೆವೆತಿತ್ತು. ಹೊಗೆ ನೋಡಿದ, ಅತ್ತಿಗೆಯ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆ ಅವನಿಗೆ ಸಿಟ್ಟು ಬಂತು. ಮನೆಯಲ್ಲಿ ಒಬ್ಬ ಸುಟ್ಟುಕೊಂಡಿದ್ದು ಸಾಲದೇ, ಇದನ್ನೆಲ್ಲ ಎತ್ತಿ ಗುಜರಿಗೆ ಹಾಕು ಎಂದ. ಅತ್ತಿಗೆ ಸಾಮಾನುಗಳನ್ನು ಒಂದು ಬಿದಿರ ಪುಟ್ಟಿಗೆ ತುಂಬಿದಳು. ಆಮೇಲೆ ಎದ್ದು ನಿಂತು ಅವನ ಮುಖ ನೋಡಿ ಮೆಲ್ಲಗೇ ಹೇಳಿದಳು.

"ನಿಮ್ಮ ಕಣ್ಣೆದುರಿಗೆ ಮಾಡಂಗಿಲ್ಲರಿ. ಆದ್ರ ಬಿಡಂಗೂ ಇಲ್ಲ."

ಅವರಿಬ್ಬರ ನಡುವೆ ಅಷ್ಟು ನೇರವಾದ ಮಾತು ಆಗಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಪುಟ್ಟಿ ನಿಜವಾಗಿಯೂ ಗುಜರಿಗೇ ಹೋಯಿತು. ಚಾಚಾ ತಮ್ಮ ಷೆಡ್ಡಿನ ಒಂದು ಮೂಲೆ ಖಾಲಿ ಮಾಡಿ ಮೇಜು ಹಾಕಿಸಿಕೊಟ್ಟರು. ಅವ್ವ ಯಾರನ್ನೂ ಕೇಳದೆ ಮಧ್ಯಾಹ್ನದ ರೊಟ್ಟಿ ಬಡಿಯುವುದನ್ನು ತಾನು ವಹಿಸಿಕೊಂಡಳು. ಅವ್ವನಿಗೆ ಸರ್ಕ್ಯೂಟು ಗೊತ್ತಿರಲಿಲ್ಲ, ಮಗನು ಕಟ್ಟೆಯ ಮೇಲೆ ಕೂತಿರುವುದು ಗೊತ್ತಿತ್ತು.

ಮುಂದಿನ ಕೆಲವು ದಿನ ಅತ್ತಿಗೆ ಹೊಸ ಭಾಗ ಹಾಕಲೇ ಇಲ್ಲ. ಸುಟ್ಟದ್ದನ್ನು ಮುಂದಿಟ್ಟುಕೊಂಡು ಯೋಚನೆ ಮಾಡುತ್ತಿದ್ದಳು. ನಾನಾಗಿದ್ದರೆ ಮೂರನೆಯದನ್ನೂ ಸುಟ್ಟಿರುತ್ತಿದ್ದೆ. ಒಂದು ದಿನ ಚಾರ್ಜರಿಗೆ ಮೀಟರು ಹಚ್ಚಿ, ಅದಕ್ಕೆ ದೊಡ್ಡ ಹೊರೆ ಕೊಟ್ಟು ನೋಡು ಎಂದಳು. ಲಾರಿಯ ಹೆಡ್‌ಲೈಟಿನ ಬಲ್ಬುಗಳನ್ನು ಸೇರಿಸಿ ಹಚ್ಚಿದೆ. ಮೀಟರಿನ ಮುಳ್ಳು ತಟ್ಟನೆ ಕೆಳಗೆ ಬಿತ್ತು. ಅದನ್ನು ನೋಡಿ ಅವಳು ನಕ್ಕಳು. ಆ ನಗೆ ನನಗೆ ಇನ್ನೂ ನೆನಪಿದೆ, ಯಾಕೆಂದರೆ ಆ ವರ್ಷ ನಮ್ಮ ಮನೆಯಲ್ಲಿ ನಗು ಕಡಿಮೆಯಿತ್ತು.

ಅವಳು ನನಗೂ ಚಾಚಾಗೂ ತಿಳಿಸಿದ ರೀತಿ ಹೀಗಿತ್ತು. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುತ್ತಾರಲ್ಲ, ಒಬ್ಬಳದು ಏರಿದಾಗ ಇನ್ನೊಬ್ಬಳದು ಇಳಿಯಬೇಕು. ಈ ಎರಡು ಮಾಸ್‌ಫೆಟ್ಟಿನ ಕೆಲಸವೂ ಅದೇ. ಕರೆಂಟು ಗಟ್ಟಿಯಾಗಿ ಒಂದೇ ಸಮ ಬಂದರೆ ಲಯ ಹಿಡಿಯುತ್ತವೆ. ಆರಂಭದಲ್ಲೇ ಕರೆಂಟು ಕುಸಿದರೆ ಲಯ ಸಿಗುವುದಿಲ್ಲ, ಎರಡೂ ಒಟ್ಟಿಗೇ ಬೀಳುತ್ತವೆ, ಒನಕೆಗೆ ಒನಕೆ ಬಡಿದು ಮುರಿಯುತ್ತವೆ. ತಪ್ಪು ಸರ್ಕ್ಯೂಟಿನದಲ್ಲ, ಅದಕ್ಕೆ ಉಣಿಸುತ್ತಿರುವ ಚಾರ್ಜರಿನದು.

"ಹಂಗಾದ್ರ ಗಟ್ಟಿ ಕರೆಂಟು ಎಲ್ಲಿಂದ ತರ್ತಿ?" ಎಂದು ಚಾಚಾ ಕೇಳಿದರು.

ಅವಳು ಷೆಡ್ಡಿನ ಹೊರಗೆ ನಿಂತಿದ್ದ ಚಾಚಾನ ಹಳೇ ಟ್ರ್ಯಾಕ್ಟರಿನ ಕಡೆ ನೋಡಿದಳು. ಬ್ಯಾಟರಿ ತುಂಬಿದ್ದರೆ ಎಷ್ಟು ಕೇಳಿದರೂ ಜಗ್ಗದೆ ಕೊಡುತ್ತದೆ. ಒಂದು ಟ್ರ್ಯಾಕ್ಟರಿನದು, ಇನ್ನೊಂದು ನಮ್ಮ ಅಂಗಡಿಯದು, ಎರಡನ್ನೂ ಒಂದರ ಹಿಂದೊಂದು ಜೋಡಿಸುವುದು ಎಂದು ತೀರ್ಮಾನವಾಯಿತು.

ಅಮಾವಾಸ್ಯೆಗೆ ನಮ್ಮ ಕಡೆಯ ಅಂಗಡಿಗಳೆಲ್ಲ ಪೂಜೆ ಮುಗಿಸಿ ಬಾಗಿಲು ಹಾಕುತ್ತವೆ. ಆ ದಿನ ಬೆಳಿಗ್ಗೆ ನಾವು ಷೆಡ್ಡಿನಲ್ಲಿ ಸೇರಿದೆವು. ಅತ್ತಿಗೆ ಕೈಯ ಚಿನ್ನದ ಬಳೆ, ಉಂಗುರ, ಕಾಲುಂಗುರ ಎಲ್ಲ ಬಿಚ್ಚಿ ಅವ್ವನ ಕೈಗೆ ಕೊಟ್ಟು ಬಂದಿದ್ದಳು. ಲೋಹ ಮೈಮೇಲಿದ್ದರೆ ಅದೂ ಕಾಯುತ್ತದೆ ಎಂದು ನನ್ನ ಗಡಿಯಾರವನ್ನೂ ಬಿಚ್ಚಿಸಿದಳು. ಗಾಜಿನ ಹಸಿರು ಬಳೆಗಳು ಮಾತ್ರ ಕೈಯಲ್ಲಿದ್ದವು. ಕರೆಂಟು ಕೈಗೆ ತಾಗದಿರಲೆಂದು ಸುರುಳಿಗೆ ನಾವು ಮೋಟಾರಿನ ತಂತಿಗೆ ಹಾಕುವ ಬಿಳಿ ದಾರದ ತೊಗಟೆ ಏರಿಸಿದ್ದೆವು. ನೀರು ಹರಿಯುತ್ತಿದೆ ಎಂದು ನೋಡಿಕೊಂಡು, ಬೋಲ್ಟನ್ನು ಇಟ್ಟಿಗೆಯ ಚೂರಿನ ಮೇಲೆ ನಿಲ್ಲಿಸಿ, ಈ ಸಲ ಸ್ವಿಚ್ಚನ್ನು ಅವಳೇ ಎಳೆದಳು.

ಸದ್ದಾಗಲಿಲ್ಲ. ಏನೂ ಆಗಲಿಲ್ಲವೇನೋ ಎಂದುಕೊಂಡೆ. ಅಷ್ಟರಲ್ಲಿ ಬೋಲ್ಟಿನ ಮೇಲಿನ ಎಣ್ಣೆಯ ಜಿಡ್ಡು ತೆಳ್ಳಗೆ ಹೊಗೆಯಾಡಿತು. ಬೂದು ಬಣ್ಣ ನೀಲಿಯಾಯಿತು, ನೀಲಿ ಕಪ್ಪಾಯಿತು, ಆಮೇಲೆ ನಡುವಿನಿಂದ ಮೆಲ್ಲಗೆ ಕೆಂಪೇರಿತು. ಸುತ್ತ ಉರಿಯಿಲ್ಲ, ಕೆಂಡವಿಲ್ಲ, ಗಾಳಿ ಊದುವವರಿಲ್ಲ. ತಣ್ಣನೆ ತಾಮ್ರದ ಬಳೆಗಳ ನಡುವೆ ಕಬ್ಬಿಣ ಒಂದೇ ದಾಸವಾಳದ ಮೊಗ್ಗಿನ ಹಾಗೆ ಕೆಂಪಗೆ ನಿಂತಿತ್ತು. ಚಾಚಾ ಬಾಯೊಳಗೆ ಏನೋ ಪಿಸುಗುಟ್ಟಿ ಎರಡೂ ಕೈಯನ್ನು ಮುಖಕ್ಕೆ ಸವರಿಕೊಂಡರು. ನಾನು ಅತ್ತಿಗೆಯ ಕಡೆ ನೋಡಿದೆ. ಅವಳು ಬೋಲ್ಟನ್ನು ನೋಡುತ್ತಿರಲಿಲ್ಲ. ಎರಡು ಬೆರಳಿಂದ ಮಾಸ್‌ಫೆಟ್ಟಿನ ಅಲ್ಯುಮಿನಿಯಂ ತಗಡನ್ನು ಮುಟ್ಟಿ ಅದರ ಬಿಸಿ ನೋಡುತ್ತಿದ್ದಳು.

ಚಾಚಾಗೆ ಖುಷಿ ತಡೆಯಲಾಗಲಿಲ್ಲ. ಅತ್ತಿಗೆ ಬೇಡ ಎನ್ನುವಷ್ಟರಲ್ಲಿ ರಸ್ತೆ ದಾಟಿ ಹೋಗಿ ಅಣ್ಣನನ್ನು ಕರೆದುಕೊಂಡೇ ಬಂದರು. ಅಣ್ಣ ಬಾಗಿಲಲ್ಲಿ ನಿಂತು ಕೆಂಪಗಿದ್ದ ಬೋಲ್ಟನ್ನು ನೋಡಿದ. ಅವನ ಸುಟ್ಟ ಕೈ ತಾನಾಗಿಯೇ ಎದೆಯ ಹತ್ತಿರ ಸರಿಯಿತು. ಆಮೇಲೆ ತಿರುಗಿ ಹೋಗಿಬಿಟ್ಟ.

ಚಾಚಾ ತಲೆ ತಗ್ಗಿಸಿದರು. ನನಗೆ ಅಳುವೇ ಬಂದಂತಾಯಿತು. ಇಷ್ಟು ಕಷ್ಟಪಟ್ಟು ಕಟ್ಟಿದ್ದು ಯಾರಿಗಾಗಿಯೋ ಅವನೇ ಬೆನ್ನು ತಿರುಗಿಸಿ ಹೋಗಿದ್ದ. ಅತ್ತಿಗೆ ಸ್ವಿಚ್ಚು ತೆಗೆದು, ಬೋಲ್ಟು ಕಪ್ಪಾಗುವವರೆಗೂ ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಬೇರಿಂಗ್ ಏರಿಸಲು ಅದು ಕೆಂಪಾಗಬೇಕೇ ಎಂದು.

ಬೇಕಾಗಿಲ್ಲ ಎಂದೆ. ಕೆಂಪಾದರೆ ಉಕ್ಕು ಕೆಟ್ಟೇಹೋಗುತ್ತದೆ. ಮೇಲೆ ನೀರಿನ ಹನಿ ಬಿಟ್ಟರೆ ಚುರ್ ಎನ್ನಬೇಕು, ಅಷ್ಟು ಕಾವು ಸಾಕು.

"ಅಂದ್ರ ಬಣ್ಣಾನ ಬ್ಯಾಡ ನಮಗ," ಎಂದಳು. "ನಾವು ಸುಮ್ನ ಚಂದ ನೋಡಾಕ ಹೋದ್ವಿ."

ನಾನು ಅತ್ತಿಗೆಯನ್ನು ಅಂದಿನಿಂದ ಇಂದಿನವರೆಗೆ ಮೆಚ್ಚುತ್ತ ಬಂದದ್ದು ಮುಖ್ಯವಾಗಿ ಆ ಮಾತಿಗಾಗಿ. ಕಟ್ಟಿದವರಿಗೆ ಕೆಂಪಗೆ ಹೊಳೆಯುವ ಕಬ್ಬಿಣಕ್ಕಿಂತ ದೊಡ್ಡ ಬಹುಮಾನ ಬೇರೆ ಇಲ್ಲ. ಊರವರು ನೋಡಲು ಬರುವುದೂ ಅದಕ್ಕೇ. ಅವಳು ಅದನ್ನು ಒಂದೇ ಮಾತಿಗೆ ಬದಿಗಿಟ್ಟಳು.

ಮಾರನೆಯ ದಿನದಿಂದ ಹೊಸ ಸುರುಳಿಯ ಕೆಲಸ. ಹಳೆಯದು ಪೈಪಿನ ಮೇಲೆ ಸುತ್ತಿದ್ದು. ಅದರೊಳಗೆ ಬೇರಿಂಗ್ ಇಟ್ಟರೆ ಹೊರಗಿನ ಬಳೆ ಮೊದಲು ಕಾಯುತ್ತದೆ, ನಮಗೆ ಬೇಕಾದ ಒಳಬಳೆ ತಣ್ಣಗೇ ಇರುತ್ತದೆ ಎಂದು ಒಂದು ಹಳೇ ಬೇರಿಂಗ್ ಇಟ್ಟು ನೋಡಿದಾಗ ತಿಳಿಯಿತು. ಅತ್ತಿಗೆಗೆ ತವರಿನ ಒಲೆಯ ನೆನಪಾಯಿತು. ಅದರ ಗಾಜಿನ ಕೆಳಗೆ ಸುರುಳಿ ಚಪ್ಪಟೆಯಾಗಿರುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ನೋಡಿದ್ದಳು. ಮತ್ತೆ ಮರಳು ತುಂಬಿ ಕೊಳವೆಯನ್ನು ನೆಲದ ಮೇಲೆ ಚಕ್ಕುಲಿಯ ಹಾಗೆ ಸುತ್ತಿದಳು. ನಾನು ಹಿಡಿದುಕೊಂಡಿದ್ದೆ, ಸುತ್ತಿದ್ದು ಅವಳೇ. ಮನೆಯಲ್ಲಿ ಚಕ್ಕುಲಿ ಒತ್ತುವ ಕೈಗೆ ಅದು ಹೊಸದಾಗಿರಲಿಲ್ಲ. ಎಲ್ಲೂ ಮಡಿಕೆ ಬೀಳದೆ, ಸುತ್ತಿನಿಂದ ಸುತ್ತಿಗೆ ಒಂದೇ ಅಂತರ ಬಿಟ್ಟು, ನಡುವಿನಿಂದ ಹೊರಕ್ಕೆ ಬಿಚ್ಚಿಕೊಂಡು ಬಂತು. ಅದಕ್ಕೂ ಬಿಳಿ ದಾರದ ತೊಗಟೆ ಏರಿಸಿದೆವು. ಕೆಪಾಸಿಟರುಗಳು ಬೇಗ ಬಿಸಿಯಾಗುತ್ತಿದ್ದವು. ಅವುಗಳನ್ನು ಬಿಡಿಬಿಡಿಯಾಗಿ ಜೋಡಿಸಿ ಮೇಲೆ ಒಂದು ಫ್ಯಾನು ಇಟ್ಟಳು. ಬ್ಯಾಟರಿ ಎರಡರ ಬದಲು ಒಂದೇ ಸಾಕು ಎಂದಳು. ನಿಧಾನವಾಗಿ ಕಾಯಲಿ, ಬಣ್ಣ ಬರದೇ ಇರಲಿ.

ಎಲ್ಲ ಸರಿಯಾದ ಮೇಲೆ ಅದನ್ನು ಷೆಡ್ಡಿನಲ್ಲಿ ಬಿಡದೆ ನಮ್ಮ ಅಂಗಡಿಗೇ ತಂದಳು. ಬೆಳಗಿನ ಹೊತ್ತು, ಅಣ್ಣ ಎಂದಿನಂತೆ ಕಟ್ಟೆಯ ಮೇಲೆ ಕೂತಿದ್ದ. ಅವನಿಗೆ ಕಾಣುವ ಹಾಗೆ ಬಾಗಿಲಿನ ಹತ್ತಿರ ಮೇಜು ಎಳೆದು ಅದರ ಮೇಲೆ ಚಕ್ಕುಲಿ ಸುರುಳಿ ಇಟ್ಟಳು. ಅವನ ಕಣ್ಣೆದುರಿಗೆ ಮಾಡುವುದಿಲ್ಲ ಎಂದವಳು ಹೀಗೆ ಮಾಡುತ್ತಿದ್ದಾಳಲ್ಲ ಎಂದು ನಾನು ಹೆದರಿದೆ. ಸುರುಳಿಯ ಮೇಲೆ ಒಂದು ಹಾಳೆ ದಿನಪತ್ರಿಕೆ ಹಾಸಿದಳು. ಪತ್ರಿಕೆಯ ಮೇಲೆ ಹೊಸ ಬೇರಿಂಗ್ ಇಟ್ಟು ಸ್ವಿಚ್ಚು ಹಾಕಿದಳು. ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ನೀರಿನ ಹನಿ ಬಿಟ್ಟಳು. ಚುರ್ ಎಂದು ಹನಿ ಮಾಯವಾಯಿತು. ಇಕ್ಕಳದಿಂದ ಬೇರಿಂಗನ್ನು ಬದಿಗಿಟ್ಟು, ಪತ್ರಿಕೆಯನ್ನು ಎತ್ತಿ ಅಣ್ಣನಿಗೆ ತೋರಿಸಿದಳು. ಸ್ವಲ್ಪವೂ ಸುಟ್ಟಿರಲಿಲ್ಲ. ಆಮೇಲೆ ಸ್ವಿಚ್ಚು ತೆಗೆಯದೇ, ಗಾಜಿನ ಬಳೆಯ ಕೈಯನ್ನು ಅಂಗೈ ಕೆಳಗಾಗಿ ಸುರುಳಿಯ ಮೇಲೆ ಇಟ್ಟಳು. ಇಟ್ಟವಳು ತೆಗೆಯಲಿಲ್ಲ. ಅವನ ಕಡೆಗೇ ನೋಡುತ್ತ ನಿಂತಳು.

ಅಣ್ಣ ಕಟ್ಟೆಯಿಂದ ಎದ್ದ. ಹೊಸ್ತಿಲವರೆಗೆ ಬಂದು ನಿಂತ. ಅವಳ ಕೈ ನೋಡಿದ, ಅವಳ ಮುಖ ನೋಡಿದ. ರಸ್ತೆಯಲ್ಲಿ ಒಂದು ಬಸ್ಸು ಹೋದದ್ದು, ಚಾಚಾ ತಮ್ಮ ಅಂಗಡಿಯ ಮುಂದೆ ಎದ್ದು ನಿಂತದ್ದು ನನಗೆ ಗೊತ್ತಾಯಿತು. ಅಣ್ಣ ಒಳಗೆ ಬಂದು ತನ್ನ ಸುಟ್ಟ ಕೈಯನ್ನು ಚಾಚಿದ. ಮೊದಲು ಬೆರಳ ತುದಿ, ಆಮೇಲೆ ಇಡೀ ಅಂಗೈಯನ್ನು ಅವಳ ಕೈಯ ಪಕ್ಕದಲ್ಲಿಟ್ಟ.

"ತಣ್ಣಗೈತಲ್ಲ," ಎಂದ.

"ತಣ್ಣಗೇ ಇರ್ತೈತ್ರಿ," ಎಂದಳು ಅತ್ತಿಗೆ. "ಕಾಯೋದು ಕಬ್ಬಿಣ ಅಷ್ಟ."

ಬದಿಗಿಟ್ಟಿದ್ದ ಬೇರಿಂಗ್ ಆರಿತ್ತು. ಅಣ್ಣ ತಾನೇ ಪತ್ರಿಕೆ ಹಾಸಿ, ಅದನ್ನು ಮತ್ತೆ ಮೇಲಿಟ್ಟು ಕಾಯಿಸಿದ. ಹನಿ ಬಿಟ್ಟು ನೋಡಿದ. ನಾನು ಒಂದು ಮೋಟಾರಿನ ಶಾಫ್ಟನ್ನು ನಿಲ್ಲಿಸಿ ಹಿಡಿದೆ. ಅವನು ಇಕ್ಕಳದಿಂದ ಬೇರಿಂಗ್ ಎತ್ತಿ ಶಾಫ್ಟಿನ ತುದಿಗೆ ತಾಗಿಸಿದ. ಒಂದೇ ಗುಕ್ಕಿಗೆ ಬೇರಿಂಗ್ ಹೋಗಿ ತನ್ನ ಜಾಗದಲ್ಲಿ ಟಣ್ ಎಂದು ಕೂತಿತು. ಅಣ್ಣ ಅದನ್ನು ಬೆರಳಿಂದ ತಿರುಗಿಸಿದ. ಅದು ತಿರುಗುತ್ತಲೇ ಇತ್ತು, ಅವನು ನೋಡುತ್ತಲೇ ಇದ್ದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿಗೆ ಹೊತ್ತಾಯಿತೆಂದು ಒಳಗೆ ಹೋದಳು.

ಅಂದಿನಿಂದ ಕಟ್ಟೆ ಖಾಲಿಯಾಯಿತು. ಕಳಿಸಿದ್ದ ಕೆಲಸಗಳೆಲ್ಲ ವಾಪಸ್ಸು ಬಂದವು. ಶಾಫ್ಟಿನ ಮೇಲೆ ಮುರಿದು ಉಳಿದ ಒಳಬಳೆ ಬಿಡಿಸುವುದಕ್ಕೆ ಹಳೆಯ ಸುರುಳಿಯೇ ಒದಗಿತು. ಬಳೆ ಹೊರಗಿರುವುದರಿಂದ ಅದಕ್ಕೇ ಮೊದಲು ಕಾವು ಹತ್ತುತ್ತದೆ, ಶಾಫ್ಟು ಕಾಯುವುದರೊಳಗೆ ಕಳಚಿ ಬರುತ್ತದೆ. ಕೂಡ್ಲಿಗಿಯಿಂದಲೂ ಹಗರಿಬೊಮ್ಮನಹಳ್ಳಿಯಿಂದಲೂ ನಮ್ಮಂಥದೇ ಅಂಗಡಿಯವರು ನೋಡಲು ಬಂದರು. ಬಂದವರು ಅಣ್ಣನ ಬೆನ್ನು ತಟ್ಟುತ್ತಿದ್ದರು. ಅಣ್ಣ ಪ್ರತಿಯೊಬ್ಬರಿಗೂ ಇದು ನನ್ನದಲ್ಲ, ನಮ್ಮ ಮನೆಯಾಕೆ ಕಟ್ಟಿದ್ದು ಎಂದು ಹೇಳಿ, ಅವಳನ್ನು ಒಳಗಿನಿಂದ ಕರೆಸಿ, ಅವಳ ಬಾಯಿಂದಲೇ ವಿವರಣೆ ಕೊಡಿಸುತ್ತಿದ್ದ. ಮೊದಮೊದಲು ಬಾಗಿಲ ಮರೆಯಲ್ಲಿ ನಿಂತು ಹೇಳುತ್ತಿದ್ದವಳು ಆಮೇಲೆ ಮೇಜಿನ ಹತ್ತಿರವೇ ಬಂದು ನಿಂತಳು. ಇಬ್ಬರು ಮೂವರಿಗೆ ಕಟ್ಟಿಯೂ ಕೊಟ್ಟಳು. ಒಂದು ಕೆಟ್ಟು ವಾಪಸ್ಸು ಬಂತು. ಯಾಕೆ ಕೆಟ್ಟಿತೆಂದು ಕಂಡುಹಿಡಿದು, ಕೆಟ್ಟ ಕಾರಣವನ್ನು ತಂದವನಿಗೆ ಬಿಡಿಸಿ ಹೇಳಿ ಕಳಿಸಿದಳು. ಅಂಗಡಿಯಲ್ಲಿ ಅವಳದೇ ಒಂದು ಮೇಜು ಬಂತು. ಇನ್ವರ್ಟರು, ಸ್ಟೆಬಿಲೈಸರು, ಪಂಪಿನ ಸ್ಟಾರ್ಟರು ಅವಳ ಪಾಲಿಗೆ ಸೇರಿದವು.

ಅಣ್ಣ ಬ್ಲೋಲ್ಯಾಂಪನ್ನು ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ಬೆಂಕಿಯ ಭಯ ಪೂರ್ತಿ ಹೋಯಿತು ಎಂದೂ ನಾನು ಹೇಳಲಾರೆ. ಆದರೆ ಆ ಭಯವನ್ನು ಇಟ್ಟುಕೊಂಡೇ ಅವನು ಕೆಲಸಗಾರನಾಗಿ ಬಾಳಿದ. ಧೈರ್ಯ ತಂದುಕೊಳ್ಳಿ ಎಂದು ಅತ್ತಿಗೆ ಅವನಿಗೆ ಒಂದು ದಿನವೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಹಂಪಸಾಗರದಿಂದ ರೈತರೊಬ್ಬರು ಬಂದರು. ಹೊಳೆಯ ಹಿನ್ನೀರಿನ ದಂಡೆಗೆ ಕೂರಿಸಿದ ಅವರ ದೊಡ್ಡ ಪಂಪು ಬೇರಿಂಗ್ ಹಿಡಿದು ನಿಂತಿತ್ತು. ಭತ್ತ ಹೊಡೆ ಹಾಯ್ದು ತೆನೆ ಬಿಡುವ ಹೊತ್ತು. ಪಂಪನ್ನು ಕಿತ್ತು ಕೊಟ್ಟೂರಿಗೆ ಸಾಗಿಸಿ ವಾಪಸ್ಸು ಒಯ್ಯುವುದರೊಳಗೆ ಪೈರು ಒಣಗುತ್ತಿತ್ತು. ಅಣ್ಣ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ, ಕುಲುಮೆಯನ್ನೇ ಅಲ್ಲಿಗೆ ಒಯ್ಯೋಣ ಎಂದಳು. ಬ್ಯಾಟರಿ, ನೀರಿನ ಡಬ್ಬ, ಸುರುಳಿಗಳು, ಸರ್ಕ್ಯೂಟಿನ ಪೆಟ್ಟಿಗೆ ಎಲ್ಲ ಟೆಂಪೋಕ್ಕೆ ಹೇರಿ ಮೂವರೂ ಹೋದೆವು.

ದಂಡೆಯ ಮೇಲೆ ಬೇವಿನ ನೆರಳಲ್ಲಿ ಕೆಲಸ ಸಾಗಿತು. ಹೊಲದ ಹೆಂಗಸರು ಕಳೆ ತೆಗೆಯುವುದು ಬಿಟ್ಟು ಸುತ್ತ ನಿಂತರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತಿಗೆ ಸುರುಳಿಯನ್ನು ಶಾಫ್ಟಿನ ಮೇಲೆ ಸರಿಸಿ ನಿಲ್ಲಿಸುತ್ತಿದ್ದಳು, ಅಣ್ಣ ಇಕ್ಕಳ ಹಿಡಿದು ಅವಳ ಸನ್ನೆಗೆ ಕಾದಿದ್ದ. ಅವಳು ಹ್ಞೂಂ ಎಂದಳು. ಅವನು ಎಳೆದ. ವರ್ಷಗಳಿಂದ ತುಕ್ಕು ಹಿಡಿದು ಕೂತಿದ್ದ ಬಳೆ ಅವನ ಕೈಗೆ ಬಂತು. ಒಬ್ಬ ಮುದುಕಿ ಮುಂದೆ ಬಂದು, ಬೆಂಕಿ ಎಲ್ಲೈತವ್ವ ಎಂದು ಅತ್ತಿಗೆಯನ್ನು ಕೇಳಿದಳು. ಬೆಂಕಿ ಹಚ್ಚಿಲ್ಲಜ್ಜಿ ಎಂದು ಅತ್ತಿಗೆ ನಕ್ಕಳು. ಮಧ್ಯಾಹ್ನಕ್ಕೆ ಹೊಸ ಬೇರಿಂಗ್ ಕೂತು ಪಂಪು ತಿರುಗಿತು. ಕಾಲುವೆಗೆ ನೀರು ಬಿದ್ದಾಗ ರೈತರು ನಮಗೆ ಮಂಡಕ್ಕಿ ಮಿರ್ಚಿ ತರಿಸಿಕೊಟ್ಟರು. ದಂಡೆಯ ಮೇಲೆ ಕೂತು ತಿಂದೆವು.

ವಾಪಸ್ಸು ಬರುವಾಗ ಅಣ್ಣ ಅತ್ತಿಗೆಯನ್ನು ಡ್ರೈವರಿನ ಪಕ್ಕದ ಸೀಟಿಗೆ ಕೂರಿಸಿದ. ನಾವಿಬ್ಬರೂ ಹಿಂದೆ ಸಾಮಾನಿನ ಜೊತೆ ಕೂತೆವು. ರಸ್ತೆ ಬರೀ ತಗ್ಗುದಿನ್ನೆ. ಪೆಟ್ಟಿಗೆ ಅಲುಗಾಡಿದರೆ ಅವಳು ಹಾಕಿದ ಬೆಸುಗೆ ಬಿಟ್ಟೀತು ಎಂದು ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಹಿಡಿದು, ಕೊಟ್ಟೂರು ಬರುವವರೆಗೂ ಕೆಳಗಿಡಲಿಲ್ಲ.